ಊರಿನ ‘ಬಹುದು’, ವಲಸೆಯ ‘ಮೋಸ್ಟ್ಲಿ’

ಹಾನಗಲ್: ರೋಹಿಣಿ ಮುಗಿದು ಮಿರಗ ಕೂಡುವ ಹೊತ್ತು

ಮಲೆನಾಡಿನ ಸೆರಗು ಹಾನಗಲ್ಲಿನ ಪಡುವಣ ಹಳ್ಳಿಗಳವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಶಿಗ್ಗಾವಿ ದಾಟಿ ಸವಣೂರಿನ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಈ ಸೀಮೆಯಲ್ಲಿ ಭತ್ತವನ್ನು ಕೂರಿಗೆ ಹಿಡಿದು ಒಣಮಣ್ಣಿಗೇ ಬಿತ್ತುವುದು ಹಳೆಯ ರೂಢಿ. ಬೀಜ ನೆಲ ಸೇರಿದ ಮೇಲೆ ರೈತನಿಗೆ ಉಳಿಯುವ ಕೆಲಸ ಎರಡೇ: ಮುಗಿಲು ನೋಡುವುದು, ಮಾತಾಡುವುದು. ಆ ಮಾತಿನಲ್ಲಿ ನಂಬಿಕೆ ಎಷ್ಟು, ಅನುಮಾನ ಎಷ್ಟು ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. ಚಹಾದಂಗಡಿಯ ಕಟ್ಟೆಯ ಮೇಲೆ ಕೇಳಿದ ಬಾಲಗಳನ್ನು ಗಟ್ಟಿಯಿಂದ ಸಡಿಲಿನ ಕಡೆಗೆ ಜೋಡಿಸಿದರೆ ಹೀಗಾಗುತ್ತದೆ:

“ಮಳಿ ಬಂದಽ ಬರ್ತೈತಿ.”

“ಬರ್ತೈತಿ ಬಿಡ್ರಿ.”

“ಬರಬೌದು.”

“ಬಂದ್ರೂ ಬಂದೀತು.”

“ಬರಲಿಕ್ಕಿಲ್ಲ.”

ಶಾಲೆಯ ವ್ಯಾಕರಣದಲ್ಲಿ ‘ಸಂಭಾವನಾರ್ಥಕ’ ಎಂಬ ತಲೆಬರಹದಡಿ ಕಾಣುವ ‘ಬಂದೀತು’ ಬೆಂಗಳೂರಿನ ಬೀದಿಮಾತಿನಲ್ಲಿ ಅಪರೂಪ. ಇಲ್ಲಿ ಅದು ಮಳೆ, ಎಮ್ಮೆ, ಬಸ್ಸು ಎಲ್ಲಕ್ಕೂ ಸಲ್ಲುತ್ತದೆ. ಗಮನಿಸಬೇಕಾದದ್ದು ಇನ್ನೊಂದಿದೆ. ನಂಬಿಕೆಯನ್ನು ಹೆಚ್ಚಿಸಲು, ತಗ್ಗಿಸಲು ಈ ಮಾತುಗಾರರು ಬೇರೆ ಪದವನ್ನು ಹುಡುಕಿಕೊಂಡು ಹೋಗುವುದಿಲ್ಲ. ಇದ್ದ ಕ್ರಿಯಾಪದವನ್ನೇ ಎರಡು ಸಲ ಆಡುತ್ತಾರೆ. ನಡುವೆ ಒಂದು ಸ್ವರ ಸೇರಿಸುತ್ತಾರೆ. ‘ಬಂದೇ ಬರುತ್ತದೆ’ಯ ಏಕಾರ ಬಾಗಿಲು ಮುಚ್ಚುತ್ತದೆ. ‘ಬಂದರೂ ಬಂದೀತು’ವಿನ ಊಕಾರ ಬಾಗಿಲನ್ನು ಬೆರಳಷ್ಟು ತೆರೆದಿಡುತ್ತದೆ. ‘ಬರಬಹುದೇನೋ’ದ ಓಕಾರ ಬಂದರೆ ಹೇಳಿದವನೇ ಅರ್ಧ ಹೊರಗೆ ಹೋಗಿರುತ್ತಾನೆ.

ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ಹೀಗೆ ಎರಡು ಸಲ ಆಡಲು ಬರುವುದಿಲ್ಲ. ಅಲ್ಲಿ ಆ ಕೆಲಸ ಜೋಡಿಯದು. ಒಂದು ಕಡೆ ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್ ಎಂಬ ಒಂಬತ್ತು ಸಹಾಯಕ ಕ್ರಿಯಾಪದಗಳು. ಇನ್ನೊಂದು ಕಡೆ ಪ್ರಾಬಬ್ಲಿ, ಪಾಸಿಬ್ಲಿ, ಸರ್ಟನ್ಲಿ, ಡೆಫಿನೆಟ್ಲಿಯಂಥ ಕ್ರಿಯಾವಿಶೇಷಣಗಳು. ‘ಬಂದೇ ಬರುತ್ತದೆ’ ಎನ್ನುವಲ್ಲಿ ‘ವಿಲ್ ಡೆಫಿನೆಟ್ಲಿ’. ‘ಬಂದರೂ ಬಂದೀತು’ ಎನ್ನುವಲ್ಲಿ ಹಿಗ್ಗಿದ್ದರೆ ‘ಮೇ ವೆಲ್’, ಆಸೆ ಕ್ಷೀಣವಾಗಿದ್ದರೆ ‘ಮೈಟ್ ಜಸ್ಟ್’. ಎಲ್ಲಿ ಕೂರಬೇಕೆಂಬುದಕ್ಕೂ ಈ ಜೋಡಿಗಳಿಗೆ ಅಭ್ಯಾಸವಿದೆ. ಬರುತ್ತದೆ ಎನ್ನುವಾಗ ಪ್ರಾಬಬ್ಲಿ ‘ವಿಲ್’ ಆದ ಮೇಲೆ ಬರುತ್ತದೆ. ಬರುವುದಿಲ್ಲ ಎನ್ನುವಾಗ ‘ವೋಂಟ್’ಗಿಂತ ಮೊದಲೇ ಬಂದು ಕೂರುತ್ತದೆ. ಆ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಕಲಿಸಿರುವುದಿಲ್ಲ. ನಮ್ಮ ಹೈಸ್ಕೂಲಿನ ಹುಡುಗರಿಗೋ, ಒಂಬತ್ತು ಕ್ರಿಯಾಪದ ಒಂದು ಪಾಠದಲ್ಲಿ, ಕ್ರಿಯಾವಿಶೇಷಣ ಇನ್ನೊಂದು ಪಾಠದಲ್ಲಿ ಸಿಗುತ್ತವೆ. ಹೊರಗಿನ ಮಾತಿನಲ್ಲಿ ಮತ್ತೆ ಮತ್ತೆ ಜೊತೆಯಾಗಿ ತಿರುಗುವ ಜೀವಿಗಳನ್ನು ಬೇರೆ ಬೇರೆ ಪಂಜರದಲ್ಲಿಟ್ಟು ತೋರಿಸಿದಂತಾಗುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಇಂಗ್ಲಿಷ್ ಮುನ್ಸೂಚನೆಗೆ ಈ ಸಡಿಲು ಒಗ್ಗುವುದಿಲ್ಲ. ಅಲ್ಲಿ ಪ್ರತಿ ಪದಕ್ಕೂ ತೂಕ ಗೊತ್ತುಮಾಡಿದ್ದಾರೆ. ಸಂಭವ ಶೇ 25ಕ್ಕಿಂತ ಕಡಿಮೆಯಿದ್ದರೆ ‘ಅನ್‌ಲೈಕ್ಲಿ’, 25ರಿಂದ 50 ಇದ್ದರೆ ‘ಲೈಕ್ಲಿ’, 50ರಿಂದ 75 ಇದ್ದರೆ ‘ವೆರಿ ಲೈಕ್ಲಿ’, ಅದಕ್ಕೂ ಮೇಲೆ ‘ಮೋಸ್ಟ್ ಲೈಕ್ಲಿ’. ಕಟ್ಟೆಯ ಮೇಲಿನ ‘ಬಂದೀತು’ಗೆ ಇಂಥ ಅಂಕಿ ಕಟ್ಟಲಾಗದು. ಅದರಲ್ಲಿ ಮೋಡದ ಲೆಕ್ಕದ ಜೊತೆಗೆ ಬಿತ್ತಿದವನ ಎದೆಬಡಿತವೂ ಸೇರಿರುತ್ತದೆ. ಬೀಜ ಇನ್ನೂ ಚೀಲದಲ್ಲೇ ಇರುವವನು ಅದೇ ಮೋಡ ನೋಡಿ “ಬರಲಿಕ್ಕಿಲ್ಲ” ಎಂದು ಸಲೀಸಾಗಿ ಹೇಳಿಬಿಡುತ್ತಾನೆ.

ಆಗಲೇ ಬಿತ್ತಿದವನ ಬಾಯಲ್ಲಿ ಮಾತ್ರ ಕೇಳುವ ಇನ್ನೊಂದು ಬಾಲವಿದೆ: “ಮಳಿ ಬರವಲ್ದು ನೋಡ್ರಿ.” ಬರಲು ಒಲ್ಲದು, ಮನಸ್ಸಿದ್ದರೆ ಬರುತ್ತಿತ್ತು ಎಂಬ ಮುನಿಸು ಅದರಲ್ಲಿದೆ. ಮೋಟಾರೂ ಹಾಗೆಯೇ: “ಪಂಪಸೆಟ್ ಚಾಲೂ ಆಗವಲ್ದು.” ಇಂಗ್ಲಿಷಿನವರೂ ಹಟಮಾರಿ ಎಂಜಿನ್ನಿಗೆ ‘ವೋಂಟ್ ಸ್ಟಾರ್ಟ್’ ಎನ್ನುತ್ತಾರೆ. ‘ವಿಲ್’ ಮೊದಲಿಗೆ ಇಚ್ಛೆಯನ್ನೇ ಹೇಳುತ್ತಿದ್ದ ಕ್ರಿಯಾಪದ. ಆ ಹಳೆಯ ಜೀವ ಇಂಥ ಕಡೆ ಇನ್ನೂ ಮಿಸುಕುತ್ತದೆ. ಸಿಟ್ಟು ಹೆಚ್ಚಾದರೆ ಎರಡೂ ಕಡೆ ಒಂದು ಜೊತೆಗಾರ ಬಂದು ಸೇರುತ್ತದೆ: ಅಲ್ಲಿ ‘ಸಿಂಪ್ಲಿ ವೋಂಟ್’, ಇಲ್ಲಿ “ಸುತರಾಂ ಬರವಲ್ದು”.

ಮಳೆ ಬಿದ್ದ ಮರುದಿನ ಹೊಲದಲ್ಲಿ ಮಿರಗದ ಹುಳ ಕಾಣುತ್ತದೆ. ಕೆಂಪು ಮಖಮಲ್ಲಿನ ಮೈ, ಎಂಟು ಕಾಲು. ಹುಳ ಎಂದು ಕರೆದರೂ ಜೇಡದ ಬಳಗದ್ದು. ವರ್ಷವೆಲ್ಲ ನೆಲದೊಳಗಿದ್ದು ಹಸಿಯಾದ ಮೇಲಷ್ಟೇ ಮೇಲೆ ಬರುತ್ತದೆ. ಅದನ್ನು ಕಂಡವರು ‘ಬರಬೌದು’ ಎನ್ನುವುದಿಲ್ಲ, “ಮಿರಗ ಕೂಡೇತಿ” ಎನ್ನುತ್ತಾರೆ. ಕಣ್ಣೆದುರಿಗೆ ಇರುವುದಕ್ಕೆ ಯಾವ ಬಾಲದ ಹಂಗೂ ಇಲ್ಲ.

ಬಂಕಾಪುರ, ಶಿಗ್ಗಾವಿ ತಾಲ್ಲೂಕು: ಮಳೆ ಇಳಿಮುಖವಾದಾಗ

ಬಂಕಾಪುರದ ಕೋಟೆ ಒಟ್ಟು 139 ಎಕರೆ. ನವಿಲುಧಾಮ ಎಂದು 2006ರಲ್ಲಿ ಘೋಷಣೆಯಾಗುವ ಮೊದಲೇ ಇದು ನವಿಲಿನ ನೆಲೆ. ಒಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಖಿಲಾರಿ ದನಗಳ ತಳಿ ಕೇಂದ್ರ; ಸುತ್ತ ಗಿಡಗಂಟಿ ತುಂಬಿದ ಕಂದಕ. ಅಡಗಲು ಕಂದಕ, ಮೇಯಲು ಬಯಲು, ರಾತ್ರಿ ಕೂರಲು ಎತ್ತರದ ಮರ. 1963ರಲ್ಲಿ ರಾಷ್ಟ್ರಪಕ್ಷಿಯಾದ ಹಕ್ಕಿಗೆ ಇಷ್ಟಿದ್ದರೆ ಸಾಕು.

ನವಿಲು ಕೂಗಿದರೆ ಮಳೆ ಬರುತ್ತದೆ ಎಂಬ ಮಾತು ಇಲ್ಲೂ ಇದೆ. ಮುಂಗಾರು ಅದರ ಬೆದೆಯ ಕಾಲ, ಕೂಗು ಹೆಚ್ಚುವುದೂ ಆಗಲೇ. ಹೀಗಾಗಿ ಮಾತು ಹಲವು ಸಲ ನಿಜವಾಗುತ್ತದೆ. ಆದರೆ ನಾಯಿ ಕಂಡರೂ ಅದು ಕೂಗುತ್ತದೆ, ಮುಗಿಲು ತಿಳಿಯಾಗಿದ್ದರೂ ಕೂಗುತ್ತದೆ. ಬೆದೆ ಮುಗಿದ ಮೇಲೆ ಗಂಡು ನವಿಲು ಬಾಲದ ಗರಿಗಳನ್ನು ಒಂದೊಂದಾಗಿ ಉದುರಿಸುತ್ತದೆ. ಕಂದಕದ ದಂಡೆಯಲ್ಲಿ ಗರಿ ಬಿದ್ದಿದೆ, ಮಣ್ಣಿನ ಮೇಲೆ ಮೂರು ಬೆರಳಿನ ಹೆಜ್ಜೆ, ಪಕ್ಕದಲ್ಲಿ ಹಸಿ ಹಿಕ್ಕೆ, ಹಕ್ಕಿ ಇಲ್ಲ. ದನ ಕಾಯುವ ಅಜ್ಜ ನೋಡಿ ಹೇಳುತ್ತಾರೆ: “ಈಗಽ ಹೋಗಿರಬೇಕ್ರಿ.”

ಈ ‘ಬೇಕು’ ನವಿಲಿಗೆ ಕೊಟ್ಟ ಅಪ್ಪಣೆಯಲ್ಲ. ಗುರುತು ನೋಡಿ ಮಾಡಿದ ತೀರ್ಮಾನ. ಅದೇ ಬಂಕಾಪುರದ ಮನೆಯ ಮುಂದೆ ಮದುವೆಗೆ ಕರೆಯಲು ಬಂದವರು ಆಡುವ ‘ಬೇಕು’ ಬೇರೆ: “ನೀವು ಬರಾಕಽ ಬೇಕ್ರಿ ಅಕ್ಕಾರ, ನೆವಾ ಹೇಳಬ್ಯಾಡ್ರಿ.” ಇದು ಕಟ್ಟುಪಾಡಿನ ಬೇಕು. ಒಂದು ನೆಲದ ಮೇಲಿನ ಹೆಜ್ಜೆಯಿಂದ ಹುಟ್ಟುತ್ತದೆ, ಇನ್ನೊಂದು ನೆಂಟಸ್ತನದಿಂದ. ಸಾವಿರಾರು ಮೈಲು ದೂರದ, ನೆಂಟಸ್ತನವೇ ಇಲ್ಲದ ಇಂಗ್ಲಿಷಿನಲ್ಲೂ ‘ಮಸ್ಟ್’ ಈ ಎರಡೂ ಕೆಲಸ ಮಾಡುತ್ತದೆ. ಯಾವುದು ಯಾವುದೆಂದು ಕೇಳುವವರಿಗೆ ತಿಳಿಯುವುದು ಬಹುಮಟ್ಟಿಗೆ ಜೊತೆಗಾರನಿಂದ. ‘ಯು ರಿಯಲಿ ಮಸ್ಟ್ ಕಮ್’ ಎಂದರೆ ಮದುವೆಯ ಕರೆ. ‘ಇಟ್ ಮಸ್ಟ್ ಶೂರ್ಲಿ ಹ್ಯಾವ್ ಗಾನ್’ ಎಂದರೆ ಗರಿ ನೋಡಿದ ತೀರ್ಮಾನ.

ಹೀಗೆ ಒಂದೇ ಮಟ್ಟದ ನಂಬಿಕೆಯುಳ್ಳ ಕ್ರಿಯಾಪದವೂ ಕ್ರಿಯಾವಿಶೇಷಣವೂ ಕೂಡಿ ಬರುವುದನ್ನು ಭಾಷಾವಿಜ್ಞಾನಿಗಳು ಗುರುತಿಸಿ ಬಹಳ ಕಾಲವಾಯಿತು. ಎಂ.ಎ.ಕೆ. ಹ್ಯಾಲಿಡೇ 1970ರಲ್ಲಿ ಇದರ ಬಗ್ಗೆ ಬರೆದರು. 1977ರಲ್ಲಿ ಜಾನ್ ಲಯನ್ಸ್ ಇಂಥವನ್ನು ಸ್ವರಮೇಳವುಳ್ಳ ಜೋಡಿಗಳೆಂದರು. 1997ರಲ್ಲಿ ಲಿಯೋ ಹೋಯ್ ಈ ಜೋಡಿಗಳ ಮೇಲೆಯೇ ಒಂದು ಇಡೀ ಪುಸ್ತಕ ತಂದರು. ‘ಮೇ’ಗೆ ‘ಪಾಸಿಬ್ಲಿ’ ಸೇರಿದರೆ ಅನುಮಾನಕ್ಕೆ ಅನುಮಾನ ಕೂಡಿ ಎರಡು ಪಟ್ಟಾಗುವುದಿಲ್ಲ. ಒಂದೇ ಅನುಮಾನವನ್ನು ಎರಡು ಬಾಯಿ ಹೇಳುತ್ತವೆ ಅಷ್ಟೆ. ಸ್ವರ ಕೂಡದಿದ್ದಾಗ ಏನಾಗುತ್ತದೆಂದು ನೋಡಲು ಸವಣೂರು ಒಳ್ಳೆಯ ಜಾಗ.

ಸವಣೂರು: ದೊಡ್ಡ ಹುಣಸೆ ಹೂ ಬಿಡುವ ಕಾಲ

ದೊಡ್ಡಹುಣಸೇ ಕಲ್ಮಠದ ಆವರಣದ ಮೂರು ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆನೆಯ ಮೈಬಣ್ಣದ ತೊಗಟೆ, ಹಲವರು ಕೈ ಹಿಡಿದು ನಿಂತರಷ್ಟೇ ಸುತ್ತು ಮುಗಿಯುವ ಕಾಂಡ, ಆ ಗಾತ್ರಕ್ಕೆ ಹೊಂದದ ಕಿರಿದಾದ ಕೊಂಬೆಗಳು. ಕಾಯಿಯೊಳಗಿನ ತಿರುಳು ಹುಳಿ. ಅದಕ್ಕೇ ಊರು ಇದನ್ನು ಹುಣಸೆಯ ಮನೆತನಕ್ಕೆ ಸೇರಿಸಿಕೊಂಡಿದೆ. ಗಿಡದ ಕುಲ ನೋಡಿದರೆ ಹುಣಸೆಗೂ ಇದಕ್ಕೂ ಸಂಬಂಧವಿಲ್ಲ. ಇದು ಆಫ್ರಿಕಾದ ಬಾವೊಬಾಬ್, ಬೂರುಗದ ಬಳಗದ್ದು. ಬಿಳಿಯ ಹೂ ಸಂಜೆ ಬಿರಿಯುತ್ತದೆ, ತೊಟ್ಟಿನಲ್ಲಿ ತಲೆಕೆಳಗಾಗಿ ತೂಗುತ್ತದೆ. ರಾತ್ರಿ ಬಾವಲಿಗಳ ಸರದಿ. ಹೂವಿನ ಆಯಸ್ಸು ಹೆಚ್ಚುಕಡಿಮೆ ಒಂದು ರಾತ್ರಿ. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಮರ ಬುಡಮೇಲಾಯಿತು; ಅದನ್ನು ಎತ್ತಿ ಮತ್ತೆ ನೆಟ್ಟರು.

ಮರದ ವಯಸ್ಸು ಕೇಳಿದರೆ ಎರಡು ಸಾವಿರ ವರ್ಷ ಎಂಬ ಉತ್ತರ ಇಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಬಾವೊಬಾಬ್ ವಯಸ್ಸು ಬಿಟ್ಟುಕೊಡುವ ಮರವಲ್ಲ. ಹಳೆಯದಾದಂತೆ ಒಳಗೆ ಟೊಳ್ಳು. ಎಷ್ಟೋ ಸಲ ಹಲವು ಕಾಂಡಗಳು ಕೂಡಿಕೊಂಡು ಒಂದಾಗಿರುತ್ತವೆ. ಉಂಗುರ ಎಣಿಸುವುದು ನಂಬಿಕೆಗೆ ಬಾರದು. ರುಮೇನಿಯಾದ ಆಡ್ರಿಯನ್ ಪಾತ್ರುಟ್ ಮತ್ತು ಸಂಗಡಿಗರು ಇಂಗಾಲದ ಕಾಲಮಾಪನದಿಂದ ಜಿಂಬಾಬ್ವೆಯ ಒಂದು ಮರಕ್ಕೆ ಸುಮಾರು 2,450 ವರ್ಷ ಕಂಡಿದ್ದಾರೆ. ಹಾಗಾಗಿ ಸವಣೂರಿನ ಮರಕ್ಕೆ ಎರಡು ಸಾವಿರ ‘ಆಗಿದ್ದರೂ ಆಗಿದ್ದೀತು’. ‘ಆಗಿರಬೇಕು’ ಎನ್ನಲು ಮರದ ದಪ್ಪವೊಂದೇ ಸಾಲದು. ‘ಆಗಿದೆ’ ಎಂಬುದಂತೂ ಭಕ್ತಿಯ ಕ್ರಿಯಾಪದ, ಅದರ ನ್ಯಾಯ ಬೇರೆ.

ಮರದಡಿ ಕೇಳಿದ ಎರಡು ಮಾತು. ಬಾವಲಿ ನೋಡಲು ರಾತ್ರಿ ಇಲ್ಲಿ ಕೂರಬಹುದೇ ಎಂದು ಕೇಳಿದವರಿಗೆ ಸಿಕ್ಕ ಉತ್ತರ, “ಖಂಡಿತ ಕೂಡಬಹುದ್ರಿ.” ಬಾವಲಿ ಬರುತ್ತವೆಯೇ ಎಂದದ್ದಕ್ಕೆ, “ಬಹುಶಃ ಬರಬಹುದು.” ಎರಡರಲ್ಲೂ ‘ಬಹುದು’ ಒಂದೇ. ಖಂಡಿತದ ಜೊತೆ ಬಂದಾಗ ಅದು ಅನುಮತಿ. ಬಹುಶಃ ಜೊತೆ ಬಂದಾಗ ಅನುಮಾನ. ಅನುಮಾನದ ಕ್ರಿಯಾಪದಕ್ಕೆ ನಿಶ್ಚಯದ ಪದವನ್ನು ತಂದು ಕಟ್ಟಿದರೆ ಕ್ರಿಯಾಪದ ಮುರಿಯುವುದಿಲ್ಲ, ತನ್ನ ಇನ್ನೊಂದು ಅರ್ಥಕ್ಕೆ ಹೊರಳಿಕೊಳ್ಳುತ್ತದೆ. ‘ಯು ಮೇ ಸರ್ಟನ್ಲಿ ಸಿಟ್’ ಎಂದರೂ ಅನುಮತಿಯೇ. ‘ದೇ ಮೇ ಪಾಸಿಬ್ಲಿ ಕಮ್’ ಎಂದರೂ ಅನುಮಾನವೇ. ಎರಡು ಭಾಷೆಗಳು ಒಂದರ ಮುಖ ಒಂದು ನೋಡದೆ ಒಂದೇ ಉಪಾಯಕ್ಕೆ ಬಂದಿವೆ.

ಬಹುಶಃ–ಬಹುದು ಒಂದೇ ಗೂಡಿನ ಮರಿಗಳಂತೆ ಕಾಣುತ್ತವೆ, ಅಲ್ಲ. ‘ಬಹುದು’ ಹುಟ್ಟಿದ್ದು ‘ಬರು’ ಎಂಬ ನಮ್ಮ ಧಾತುವಿನಿಂದ. ‘ಬಹುಶಃ’ ಸಂಸ್ಕೃತದಿಂದ ಬಂದದ್ದು. ಬಹು ಎಂಬ ಹೆಚ್ಚಳದ ಮಾತು ಸಂಭವದ ಮಾತಾದದ್ದು. ಖಂಡಿತ, ನಿಶ್ಚಯ, ಪ್ರಾಯಶಃ, ಸುತರಾಂ ಎಲ್ಲವೂ ಹಾಗೇ ಹೊರಗಿನಿಂದ ಬಂದು ದೊಡ್ಡ ಹುಣಸೆಯಂತೆ ಇಲ್ಲಿ ಬೇರು ಬಿಟ್ಟವು. ಖರೆ, ಪಕ್ಕಾ ಬಡಗಣ ದಾರಿಯಿಂದ ಬಂದವು. ಸವಣೂರಿನ ಉರ್ದು ಮನೆಗಳಲ್ಲಿ ಇದೇ ಜಾಗದಲ್ಲಿ ‘ಶಾಯದ್’ ಕೂರುತ್ತದೆ. ಇಂಗ್ಲಿಷಿನ ಪಟ್ಟಿ ತೆರೆದರೂ ಅದೇ ಚಿತ್ರ. ಆ ಒಂಬತ್ತು ಕ್ರಿಯಾಪದಗಳು ಹಳೆಯ ಇಂಗ್ಲಿಷಿನ ಮಣ್ಣಿನವು. ಪಾಸಿಬ್ಲಿ, ಪ್ರಾಬಬ್ಲಿ, ಸರ್ಟನ್ಲಿ, ಡೆಫಿನೆಟ್ಲಿಯ ಬೇರುಗಳು ಲ್ಯಾಟಿನ್, ಫ್ರೆಂಚ್ ಕಡೆಗೆ ಹೋಗುತ್ತವೆ. ‘ವೆಲ್’, ‘ಹಾರ್ಡ್ಲಿ’ಯಂಥ ಊರಿನವೂ ಇವೆ, ನಮ್ಮಲ್ಲಿ ‘ಹೆಚ್ಚಾಗಿ’, ‘ಎಲ್ಲೋ’ ಇರುವಂತೆ. ಒಟ್ಟಿನಲ್ಲಿ ಕ್ರಿಯಾಪದ ಊರಿನದು, ಜೊತೆಗಾರ ಹೆಚ್ಚಾಗಿ ವಲಸೆಯದು.

ಹಿರೇಕೆರೂರು: ಸುಗ್ಗಿಯ ಚಳಿ

ಹೆಸರಿನಲ್ಲೇ ಕೆರೆಯಿರುವ ಊರು. ಚಳಿಗಾಲದಲ್ಲಿ ಈ ಭಾಗದ ಕೆರೆಗಳಲ್ಲಿ ಎರಡು ಬಗೆಯ ಹಕ್ಕಿ. ಗುಳುಮುಳುಕ, ನೀರುಕಾಗೆ, ಕೊಳದ ಬಕ ವರ್ಷವಿಡೀ ಇಲ್ಲಿಯವು. ಬಾತುಗಳಲ್ಲಿ ಹಲವು ಬಡಗಣ ದೇಶಗಳಿಂದ ಬಂದು ಬೇಸಿಗೆಗೆ ಮೊದಲು ಹೊರಡುವವು. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ವಲಸೆಯ ಬಾತು ಕೆರೆಯ ನಡುವಿನ ತೆರೆದ ನೀರಿನಲ್ಲಿ ತೇಲುತ್ತದೆ, ದಂಡೆಯ ಆಪಿನಲ್ಲಿ ಗೂಡು ಕಟ್ಟುವುದಿಲ್ಲ. ಗೂಡು ಊರಿನ ಹಕ್ಕಿಗಳ ಪಾಲು.

ಬಿಳಿಹುಬ್ಬಿನ ಬಾತಿನ ಗಂಡನ್ನು ದೂರದಿಂದಲೇ ಹೇಳಬಹುದು. ಹೆಣ್ಣು ಕಂದು ಚುಕ್ಕೆಯದು. ಬೇರೆ ಕಿರುಬಾತುಗಳ ಹೆಣ್ಣೂ ಹೆಚ್ಚುಕಡಿಮೆ ಹಾಗೇ. ನಡುನೀರಿನಲ್ಲಿ, ಬಿಸಿಲಿಗೆದುರಾಗಿ ಕಂಡರೆ ಟಿಪ್ಪಣಿಯಲ್ಲಿ ‘ಇರಬಹುದು’. ಜೊತೆಯಲ್ಲಿ ಗಂಡು ಇದ್ದರೆ ‘ಇರಬೇಕು’. ಹಾರಿದಾಗ ರೆಕ್ಕೆಯ ಬಣ್ಣ ಸರಿಯಾಗಿ ಕಂಡರೆ ‘ಇದೆ’. ಏರಿಯ ಮೇಲೆ ನಿಂತಿದ್ದ ಕಾಲೇಜು ಹುಡುಗನೊಬ್ಬ ತನ್ನ ಗೆಳೆಯನಿಗೆ ಹೇಳಿದ ರೀತಿ ಬೇರೆ: “ಮೋಸ್ಟ್ಲಿ ಅದಽ ಇರಬೇಕಲೇ.”

ಈ ಮೋಸ್ಟ್ಲಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಚೆನ್ನಾಗಿ ಕೇಳಬಹುದು. “ಮೋಸ್ಟ್ಲಿ ಬರ್ತೈತ್ರಿ ಬಸ್ಸು.” “ಗ್ಯಾರಂಟಿ ಬರ್ತಾನ.” “ಮೇ ಬಿ ಬರಬೌದು.” “ನಾಳೆ ಮಸ್ಟ್ ಆಗಿ ಬರಬೇಕ ನೋಡು.” ಹಿಂದೆ ಬಹು ಎಂಬ ಹೆಚ್ಚಳದ ಮಾತು ಬಹುಶಃ ಆಗಿ ಸಂಭವ ಹೇಳತೊಡಗಿದಂತೆ, ಇಂಗ್ಲಿಷಿನಲ್ಲಿ ‘ಬಹುಪಾಲು’ ಎಂದಿದ್ದ ಮೋಸ್ಟ್ಲಿಯೂ ಇಲ್ಲಿ ಸಂಭವದ ಮಾತಾಗಿದೆ. ಅದೇ ಹಾದಿ, ಹೊಸ ಹಕ್ಕಿ.

ಹೆಚ್ಚು ಹೊತ್ತು ನಿಂತು ಕೇಳಬೇಕಾದದ್ದು ‘ಮಸ್ಟ್ ಆಗಿ’ ಮತ್ತು ‘ಮೇ ಬಿ’. ಮಸ್ಟ್ ತನ್ನ ಊರಿನಲ್ಲಿ ಕ್ರಿಯಾಪದ. ಮೇ ಬಿ ಅಲ್ಲಿ ಒಂದು ಕಾಲಕ್ಕೆ ‘ಮೇ’ ಮತ್ತು ‘ಬಿ’ ಎಂಬ ಎರಡು ಕ್ರಿಯಾಪದಗಳಾಗಿದ್ದು ಕೂಡಿಕೊಂಡದ್ದು. ಹಿರೇಕೆರೂರಿನ ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಎರಡೂ ಕ್ರಿಯಾಪದದ ಕೆಲಸ ಬಿಟ್ಟು ಜೊತೆಗಾರರಾಗಿ ನಿಂತಿವೆ. ಕ್ರಿಯಾಪದದ ಜಾಗದಲ್ಲಿ ಬೇಕು, ಬಹುದು ಕದಲದೆ ಕೂತಿವೆ. “ಅವ ನಾಳೆ ಬರಮಸ್ಟ್” ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ. ಸಂಸ್ಕೃತದ ಸಾಧ್ಯ, ಶಕ್ಯ ವಾಕ್ಯದ ಕೊನೆಯವರೆಗೆ ಬಂದದ್ದುಂಟು. ಅವೂ ‘ಇದೆ’, ‘ಇಲ್ಲ’, ‘ಆಗು’ಗಳ ಆಸರೆಯಲ್ಲಿ ಬೇರೆ ಪದವಾಗಿಯೇ ನಿಲ್ಲುತ್ತವೆ, ಬಹುದು–ಬೇಕುಗಳಂತೆ ಧಾತುವಿಗೆ ಬೆಸೆದುಕೊಳ್ಳುವುದಿಲ್ಲ.

ಕಾರಣ ವಾಕ್ಯದ ಕಟ್ಟಿನಲ್ಲೇ ಇದೆ. ಕನ್ನಡದ ಕ್ರಿಯಾಪದದ ಕೊನೆ ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದನ್ನೆಲ್ಲ ಹೊತ್ತಿರುತ್ತದೆ. ಅಲ್ಲಿ ಕೈಯಿಟ್ಟರೆ ವಾಕ್ಯವೇ ಕುಸಿಯುತ್ತದೆ. ಜೊತೆಗಾರನ ಜಾಗ ತೆರೆದ ನೀರು. ಮುಂದೆ ಇಡಬಹುದು, ನಡುವೆ ಇಡಬಹುದು, ಮರೆತು ಹೇಳಿದಂತೆ ಕೊನೆಗೆ ಅಂಟಿಸಬಹುದು. ತೆಗೆದರೂ ವಾಕ್ಯ ನಿಲ್ಲುತ್ತದೆ. ಇಂಗ್ಲಿಷಿನ ಪ್ರಾಬಬ್ಲಿಗೂ ಇದೇ ಸಲಿಗೆ. ಹೊಸಬರು ಬಂದಿಳಿಯುವುದು ಇಂಥ ಜಾಗದಲ್ಲೇ.

ಬಂದಿಳಿದವರೆಲ್ಲ ನಿರುಪದ್ರವಿಗಳಲ್ಲ. ಪಕ್ಕದ ಶಿವಮೊಗ್ಗದಲ್ಲಿ 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಈಗ ಗೋವಿನಜೋಳದ ಸುಳಿಯಲ್ಲಿ ಅದು ಮನೆ ಮಾಡಿದೆ. ಔಷಧಿಯ ಸಲಹೆಗಳಲ್ಲಿ ‘ಶುಡ್ ಪ್ರಿಫರಬ್ಲಿ’ ಎಂಬ ಜೋಡಿ ಸಿಗುತ್ತದೆ: ಮುಂಜಾನೆ ಅಥವಾ ಸಂಜೆ ಸಿಂಪಡಿಸಿದರೆ ಉತ್ತಮ, ಆಗದಿದ್ದರೆ ಅಪರಾಧವಲ್ಲ ಎಂದು ಅದರ ಅರ್ಥ. ‘ಮಸ್ಟ್ ಆಲ್ವೇಸ್’ ಇದ್ದಲ್ಲಿ ಆ ಸಡಿಲು ಇಲ್ಲ. ಕೈಗವಸಿನ ವಿಷಯದಲ್ಲಿ ಈ ಎರಡನ್ನು ಕಲಸಿದರೆ ಪೆಟ್ಟು ಬೀಳುವುದು ಮೈಗೆ.

ಭಾರತದ ಕಚೇರಿಗಳಲ್ಲಿ ಹುಲುಸಾಗಿ ಬೆಳೆದ ಒಂದು ಜೋಡಿಯನ್ನೂ ಬರೆದುಕೊಳ್ಳಬೇಕು: ‘ಮೇ ಕೈಂಡ್ಲಿ’. ರಜೆ ‘ಮೇ ಕೈಂಡ್ಲಿ ಬಿ ಸ್ಯಾಂಕ್ಷನ್ಡ್’. ಈ ‘ಮೇ’ಯಲ್ಲಿ ಅನುಮಾನವೂ ಇಲ್ಲ, ಅನುಮತಿಯೂ ಇಲ್ಲ, ತಲೆಬಾಗಿದ ಕೋರಿಕೆ ಇದೆ. ಅದೇ ಅರ್ಜಿ ಕನ್ನಡದಲ್ಲಿದ್ದರೆ ‘ದಯಮಾಡಿ ಮಂಜೂರು ಮಾಡಬೇಕಾಗಿ ವಿನಂತಿ’. ಅಲ್ಲಿ ‘ಮೇ’, ಇಲ್ಲಿ ‘ಬೇಕು’. ಕೈಂಡ್ಲಿ ಮತ್ತು ದಯಮಾಡಿ ಎಂಬ ಜೊತೆಗಾರರು ಎರಡನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸಿದ್ದಾರೆ. ಕ್ರಿಯಾಪದ ಎಷ್ಟೇ ಗಟ್ಟಿಯಿರಲಿ, ಅದರ ಹಿಂದೆ ನಿಂತ ಮನುಷ್ಯ ಅಧಿಕಾರಿಯೋ ಅರ್ಜಿದಾರನೋ ಎಂದು ಹೇಳುವುದು ಪಕ್ಕದಲ್ಲಿರುವ ಆ ಸಣ್ಣ ಪದ.

ಇಷ್ಟು ಟಿಪ್ಪಣಿಯಿಂದ ಮುಂದಿನದನ್ನು ಊಹಿಸುವುದಾದರೆ ಹೀಗೆ ಬರೆಯುತ್ತೇನೆ. ‘ಮೋಸ್ಟ್ಲಿ’ ಬಹುಶಃದಂತೆ ಬೇರು ಬಿಟ್ಟರೂ ಬಿಟ್ಟೀತು, ಹೊಸದೊಂದು ಬಂದರೆ ಎದ್ದು ಹಾರಿದರೂ ಹಾರೀತು. ‘ಬಹುದು’, ‘ಬೇಕು’ ಇದ್ದೇ ಇರುತ್ತವೆ. ‘ಬಂದೀತು’ವಿನ ಬಗ್ಗೆ ಅಷ್ಟು ಧೈರ್ಯ ಸಾಲದು, ಅದು ಅಜ್ಜ–ಅಜ್ಜಿಯರ ಬಾಯಲ್ಲಿ ಕೇಳಿದಷ್ಟು ಮೊಬೈಲು ಹಿಡಿದ ಮೊಮ್ಮಕ್ಕಳ ಬಾಯಲ್ಲಿ ಕೇಳುವುದಿಲ್ಲ. ಅದರ ಮುಂದೆ ‘ಉಳಿಯಬೇಕು’ ಎಂದು ಬರೆದಿದ್ದೇನೆ. ಈ ‘ಬೇಕು’ ಕಂದಕದ ದಂಡೆಯಲ್ಲಿ ಗರಿ ನೋಡಿ ಹೇಳಿದ್ದಲ್ಲ, ಮದುವೆಗೆ ಕರೆಯಲು ಬಂದವರು ಹೇಳುವಂಥದ್ದು.